ಮಾತ್ರೆ ಮತ್ತು ಯತಿ

(ಆಕಾಶವಾಣಿ ಭಾಷಣ)



ಹೊಟ್ಟೆಯ ಹುಳುವಿನ ಔಷಧವನ್ನು ಕುರಿತು ಕನ್ನಡದ ಅಧ್ಯಾಪಕನೊಬ್ಬ ಮಾತನಾಡುವುದು ನಿಮಗೆ ವಿಚಿತ್ರವೆನಿಸಬಹುದು. ಮೂರು ದಶಕಗಳಿಗೂ ಮಿಕ್ಕಿ ತರಗತಿಗಳಲ್ಲಿ ಹಳಗನ್ನಡ ಕಾವ್ಯವನ್ನೂ ಛಂದಸ್ಸನ್ನೂ ಪಾಠ ಹೇಳಿದವನು ನಾನು. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೂ ಈ ವಿಷಯವನ್ನು ನಾನಾಗಿಯೇ ಕೇಳಿ ಪಡೆದೆ. ಅದಕ್ಕೆ ಕಾರಣ ನಾನು ಮಾಡಿದ ಒಂದು ತಪ್ಪು. ವೈದ್ಯರು ಬರೆದುಕೊಟ್ಟ ಚೀಟಿಯೊಂದನ್ನು ಇನ್ನೊಬ್ಬರಿಗೆ ಓದಿ ಹೇಳುವಾಗ ಮಾಡಿದ ತಪ್ಪು. ಓದುವುದನ್ನೇ ವೃತ್ತಿಯಾಗಿ ಮಾಡಿಕೊಂಡವನು ಓದಿನಲ್ಲಿ ಎಡವಿದ್ದು. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಒಂದು ಶಬ್ದದ ವಿಚಾರ. ನಮ್ಮ ರಾಣೆಬೆನ್ನೂರಿನ ಕಡೆ ಜನ ‘ಗುಳಿಗೆ’ ಎನ್ನುವುದನ್ನು ಪುಸ್ತಕದ ಕನ್ನಡ ‘ಮಾತ್ರೆ’ ಎನ್ನುತ್ತದೆ. ಗುಳಿಗೆ ಎಂಬುದು ಆಕಾರವನ್ನು ಹೇಳುವ ಶಬ್ದ. ಉಂಡೆಯಾಗಿರುವುದು ಎಂದಷ್ಟೇ ಅದರ ಅರ್ಥ. ಮಾತ್ರೆ ಎಂಬುದು ಅಳತೆಯನ್ನು ಹೇಳುವ ಶಬ್ದ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು ಮಾತ್ರೆ ಎಂದು ನಾವು ಛಂದಸ್ಸಿನಲ್ಲಿ ಎಣಿಸುವ ಮಾತ್ರೆಯೂ ಔಷಧದ ಮಾತ್ರೆಯೂ ಒಂದೇ ಮೂಲದವು. ಆಯುರ್ವೇದದವರು ಔಷಧದ ಪ್ರಮಾಣವನ್ನು ‘ಮಾತ್ರಾ’ ಎಂದರು. ಬಳಕೆಯಲ್ಲಿ ಆ ಹೆಸರು ವಸ್ತುವಿಗೇ ಅಂಟಿಕೊಂಡಿತು. ವಸ್ತು ನೆನಪಿನಲ್ಲಿ ಉಳಿದು ಅಳತೆ ಮರೆತುಹೋದುದು ಶಬ್ದದ ಪಾಲಿಗೆ ಮಾತ್ರವಲ್ಲ, ನಮ್ಮ ಪಾಲಿಗೂ ನಿಜವೆಂದು ನನಗೆ ಬಹಳ ತಡವಾಗಿ ತಿಳಿಯಿತು.

ನನ್ನ ಊರು ಮೇಡ್ಲೇರಿ. ಕುರಿ ಮತ್ತು ಕಂಬಳಿಯ ಊರು. ನಾನು ಬಾಲಕನಾಗಿದ್ದಾಗ ನಮ್ಮ ಓಣಿಯಲ್ಲಿ ಮಕ್ಕಳ ಹೊಟ್ಟೆಯ ಹುಳುವಿಗೆ ಔಡಲೆಣ್ಣೆಯೇ ಮಹಾಮದ್ದು. ಮೂಗು ಹಿಡಿದು ಕುಡಿಸಿ, ಆ ದಿನವೆಲ್ಲ ಸಾರನ್ನವನ್ನಷ್ಟೇ ಹಾಕಿ, ಸಂಜೆಯ ಹೊತ್ತಿಗೆ ಸೋತ ಮಗುವನ್ನು ಅಜ್ಜಿ ತೊಡೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ಎಷ್ಟು ಎಣ್ಣೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಅಜ್ಜಿಯ ಕೈ ಎಷ್ಟು ಬಾಗಿತೋ ಅಷ್ಟು.

ಆದರೆ ಅದೇ ಓಣಿಯಲ್ಲಿ ಕುರಿಗಳಿಗೆ ಔಷಧ ಕುಡಿಸುವುದನ್ನು ನೋಡಿದವರಿಗೆ ಬೇರೆಯೇ ಒಂದು ಶಿಸ್ತು ಕಾಣುತ್ತಿತ್ತು. ನಾನು ಕಾಕಾ ಎಂದು ಕರೆಯುತ್ತಿದ್ದ ಕುರಿಗಾಹಿಯೊಬ್ಬರು ನಮ್ಮ ಮನೆಯ ಎದುರಿಗೇ ಇದ್ದರು. ಓರೆಯಾಗಿ ಕೊಯ್ದ ಬಿದಿರಿನ ಗೊಟ್ಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದೊಂದೇ ಕುರಿಯ ಹೊಟ್ಟೆಯ ಕೆಳಗೆ ತೋಳು ಹಾಕಿ ಎತ್ತಿ ನೋಡಿ, ಆಮೇಲೆ ಗೊಟ್ಟಕ್ಕೆ ಔಷಧ ಸುರಿಯುವರು. ಟಗರಿಗೆ ಒಂದು ಅಳತೆ, ಮರಿಗೆ ಇನ್ನೊಂದು, ಗಬ್ಬದ ಕುರಿಯಾದರೆ ಮತ್ತೊಂದು. ಮೊದಮೊದಲು ಗೊಟ್ಟದಲ್ಲಿ ಇದ್ದುದು ಬೇವಿನ ಕಷಾಯ. ಆಮೇಲೆ ದನದ ದವಾಖಾನೆಯ ಔಷಧ ಬಂದಿತು. ಅಳತೆಯ ಕ್ರಮ ಮಾತ್ರ ಬದಲಾಗಲಿಲ್ಲ. ಎತ್ತಿ ನೋಡುವುದೇಕೆ ಎಂದು ನಾನು ಕೇಳಿದಾಗ ಕಾಕಾ ಹೇಳಿದ್ದರು: “ಕಡಿಮಿ ಆದ್ರ ಹುಳ ನಗ್ತಾವ, ಹೆಚ್ಚಾದ್ರ ಕುರಿ ಅಳ್ತೈತಿ.”

ಹಿಂದಿನವರು ಈ ವಿಷಯದಲ್ಲಿ ಎಚ್ಚರಿಕೆಯಿಲ್ಲದವರೇನೂ ಆಗಿರಲಿಲ್ಲ. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಇಪ್ಪತ್ತು ಬಗೆಯ ಕ್ರಿಮಿಗಳ ಪ್ರಸ್ತಾಪವಿದೆ. ಚಿಕಿತ್ಸೆಗೆ ಅಲ್ಲಿ ಮೂರು ದಾರಿಗಳು. ಇರುವ ಹುಳುವನ್ನು ಹೊರಗೆಳೆಯುವುದು, ಅದು ಬದುಕುವ ಪ್ರಕೃತಿಯನ್ನೇ ಕೆಡಿಸುವುದು, ಅದು ಹುಟ್ಟುವ ಕಾರಣವನ್ನು ದೂರವಿಡುವುದು. ವಾಯುವಿಳಂಗ ಹಿಂದಿನಿಂದಲೂ ಹುಳುವಿನ ಮದ್ದೆಂದು ಹೆಸರಾದುದು. ಕನ್ನಡದಲ್ಲಂತೂ ಒಂದು ಸ್ವಾರಸ್ಯವಿದೆ. ಚಾಲುಕ್ಯ ರಾಜವಂಶದ ಕೀರ್ತಿವರ್ಮ ‘ಗೋವೈದ್ಯ’ವನ್ನು ಬರೆದ, ಆತ ಆರನೆಯ ವಿಕ್ರಮಾದಿತ್ಯನ ತಮ್ಮ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥ ಪೂಜ್ಯಪಾದರ ಸಂಸ್ಕೃತ ಗ್ರಂಥವನ್ನು ಅನುಸರಿಸಿ ‘ಕಲ್ಯಾಣಕಾರಕ’ವನ್ನು ಕನ್ನಡಕ್ಕೆ ತಂದ. ಮನುಷ್ಯನಿಗೆ ಒಂದು ಗ್ರಂಥ, ದನಕ್ಕೆ ಬೇರೆ ಗ್ರಂಥ. ನಮ್ಮ ಮನೆಗಳ ಗೂಡಿನಲ್ಲಿ ಇಂದು ಎರಡೂ ಬಾಟಲಿಗಳು ಒಂದರ ಪಕ್ಕ ಒಂದು ನಿಂತಿರುತ್ತವೆ.

ಈಗಿನ ಔಷಧಕ್ಕೆ ಬರೋಣ. 2015ರಿಂದ ನಮ್ಮ ದೇಶದಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಫೆಬ್ರುವರಿ 10ರಂದೂ ಅನೇಕ ಕಡೆ ಆಗಸ್ಟ್ 10ರಂದೂ ಶಾಲೆ ಮತ್ತು ಅಂಗನವಾಡಿಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಮಾತ್ರೆ ಕೊಡುತ್ತಾರೆ. 400 ಮಿಲಿಗ್ರಾಮಿನ ಒಂದೇ ಮಾತ್ರೆ. ಎರಡು ವರ್ಷದೊಳಗಿನ ಮಗುವಿಗೆ ಅರ್ಧ. ಮೂರು ವರ್ಷದವರೆಗಿನವರಿಗೆ ಪುಡಿಮಾಡಿ ನೀರಿನಲ್ಲಿ ಕೊಡಬೇಕು. ಇಡಿಯಾಗಿ ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕಿಕೊಳ್ಳುವ ಭಯವಿದೆ. ದೊಡ್ಡ ಮಕ್ಕಳು ಅಗಿದು ತಿನ್ನಬೇಕು, ನುಂಗಬಾರದು. ಜ್ವರವಿರುವ ಮಗುವಿಗೆ ಆ ದಿನ ಕೊಡುವುದಿಲ್ಲ. ತಪ್ಪಿಹೋದವರಿಗಾಗಿಯೇ ವಾರದ ನಂತರ ಇನ್ನೊಂದು ದಿನ ಇಟ್ಟಿರುತ್ತಾರೆ.

ಈ ದಿನ ಬಂತೆಂದರೆ ಒಂದೆರಡು ಊರುಗಳಲ್ಲಾದರೂ ಗದ್ದಲವೇಳುತ್ತದೆ. ಯಾವುದೋ ಮಗುವಿಗೆ ಹೊಟ್ಟೆನೋವು, ಇನ್ನಾವುದಕ್ಕೋ ವಾಂತಿ. ಸುದ್ದಿ ಹಬ್ಬಿ ತಾಯಂದಿರು ಶಾಲೆಗೆ ಓಡಿ ಬರುತ್ತಾರೆ. ಹುಳು ಹೆಚ್ಚಾಗಿರುವ ಹೊಟ್ಟೆಯಲ್ಲಿ ಅವು ಸಾಯುವಾಗ ಇಂಥ ಸಣ್ಣ ತೊಂದರೆ ಆಗುವುದುಂಟು, ಸ್ವಲ್ಪ ಹೊತ್ತಿನಲ್ಲಿ ಕಳೆಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಇದನ್ನು ಮೊದಲೇ ಮನೆಮಂದಿಗೆ ತಿಳಿಸಿದರೆ ಅರ್ಧ ಗದ್ದಲ ನಿಲ್ಲುತ್ತದೆ. ಬರಿಗಾಲಿನಲ್ಲಿ ಓಡಾಡುವ ಮಕ್ಕಳಿಗೆ ಮಣ್ಣಿನಿಂದ ಅಂಗಾಲಿನ ಚರ್ಮವನ್ನು ಕೊರೆದು ಒಳಹೊಗುವ ಕೊಕ್ಕೆಹುಳು ರಕ್ತವನ್ನು ಹೀರಿ ಮಗುವನ್ನು ಬಿಳುಪಾಗಿಸುತ್ತದೆ. ಅಂಥ ಮಕ್ಕಳನ್ನು ನಾನು ಕಂಡಿದ್ದೇನೆ. ಬುದ್ಧಿಮಂದರೆಂದು ಹಿಂದಿನ ಬೆಂಚಿಗೆ ತಳ್ಳಿಸಿಕೊಂಡವರಲ್ಲಿ ಎಷ್ಟೋ ಜನ ಕೇವಲ ನಿತ್ರಾಣರಾಗಿದ್ದವರು. ಆದುದರಿಂದ ಈ ಮಾತ್ರೆಯ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಅದು ಸುರಕ್ಷಿತ. ಏಕೆಂದರೆ ಅಲ್ಲಿ ಅಳತೆ ಗೊತ್ತಾಗಿದೆ, ವಯಸ್ಸು ಗೊತ್ತಾಗಿದೆ, ಒಂದೇ ಸಲ ಎಂಬುದೂ ಗೊತ್ತಾಗಿದೆ.

ಅದೇ ಮಾತ್ರೆಯನ್ನು ಅಂಗಡಿಯಿಂದ ತಂದು ನಾವೇ ವೈದ್ಯರಾದಾಗ ಈ ಮೂರೂ ಕೈಬಿಡುತ್ತವೆ. ಬಸುರಿನ ಮೊದಲ ಮೂರು ತಿಂಗಳಲ್ಲಿ ಅದನ್ನು ತೆಗೆದುಕೊಳ್ಳಬಾರದು. ಬಸುರೆಂದು ತಾನೇ ಇನ್ನೂ ಅರಿಯದ ಹೆಣ್ಣುಮಗಳು ಹೊಟ್ಟೆ ತೊಳಸುತ್ತದೆಂದು ಅದನ್ನೇ ನುಂಗುವ ಸಂಭವವಿದೆ. ಮೂರ್ಛೆರೋಗವಿರುವ ಕೆಲವರ ಮಿದುಳಿನಲ್ಲಿ ಲಾಡಿಹುಳುವಿನ ಮರಿ ಗೂಡು ಕಟ್ಟಿರುತ್ತದೆ. ಅಂಥವರು ಹೇಳಕೇಳದೆ ಔಷಧ ನುಂಗಿದರೆ ಸಾಯುವ ಮರಿಯ ಸುತ್ತ ಬಾವು ಬಂದು ಮೂರ್ಛೆ ಕೆರಳಬಹುದು. ಅವರಿಗೂ ಇದೇ ಔಷಧವನ್ನು ಕೊಡುತ್ತಾರೆ, ಆದರೆ ಬಾವನ್ನು ತಗ್ಗಿಸುವ ಇನ್ನೊಂದು ಔಷಧದ ಕಾವಲಿನಲ್ಲಿ.

ಇನ್ನು ನನ್ನ ತಪ್ಪಿನ ಕಥೆ.

ಹತ್ತು ಹನ್ನೆರಡು ವರ್ಷಗಳ ಹಿಂದೆ ಕಾಕಾ ಅವರ ಬಲಪಕ್ಕೆಯ ಕೆಳಗೆ ಏನೋ ಭಾರ ಕಾಣಿಸಿಕೊಂಡಿತು. ಪಟ್ಟಣದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ನೋಡಿದರೆ ಪಿತ್ತಜನಕಾಂಗದಲ್ಲಿ ಮೂಸಂಬಿಯ ಗಾತ್ರದ ನೀರಿನ ಚೀಲ. ವೈದ್ಯರು ಅದನ್ನು ಹೈಡಾಟಿಡ್ ಎಂದರು. ನಾಯಿಯ ಕರುಳಿನಲ್ಲಿ ವಾಸಿಸುವ ಲಾಡಿಹುಳುವೊಂದಿದೆ; ಉದ್ದ ಕೆಲವೇ ಮಿಲಿಮೀಟರು. ಅದರ ಮೊಟ್ಟೆ ನಾಯಿಯ ಮಲದೊಡನೆ ಹುಲ್ಲಿಗೆ ಬೀಳುತ್ತದೆ, ಹುಲ್ಲಿನಿಂದ ಕುರಿಯ ಹೊಟ್ಟೆಗೆ ಹೋಗುತ್ತದೆ, ಕುರಿಯ ಪಿತ್ತಜನಕಾಂಗದಲ್ಲೋ ಶ್ವಾಸಕೋಶದಲ್ಲೋ ಚೀಲವಾಗಿ ಬೆಳೆಯುತ್ತದೆ. ಕುರಿ ಕೊಯ್ದಾಗ ಆ ಭಾಗವನ್ನು ನಾಯಿಗೆ ಎಸೆದರೆ ಚಕ್ರ ಪೂರ್ಣವಾಯಿತು. ಮನುಷ್ಯ ಈ ಚಕ್ರದಲ್ಲಿ ಕರೆಯದೆ ಬಂದ ಅತಿಥಿ. ನಾಯಿಯ ಮೈದಡವಿದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಮೊಟ್ಟೆ ಒಳಗೆ ಹೋದರೆ ಆತನಲ್ಲೂ ಚೀಲ ಬೆಳೆಯುತ್ತದೆ, ವರ್ಷಗಟ್ಟಲೆ, ಸದ್ದಿಲ್ಲದೆ. ಐವತ್ತು ವರ್ಷ ಕುರಿಯ ಹಿಂದೆಯೂ ನಾಯಿಯ ಜೊತೆಗೂ ನಡೆದ ಕಾಕಾ ಅವರಿಗೆ ಅದು ಯಾವಾಗ ಬಂದಿತೋ ಹೇಳುವವರಾರು?

ಶಸ್ತ್ರಕ್ರಿಯೆಗೆ ಮೊದಲು ಚೀಲವನ್ನು ಕುಗ್ಗಿಸಲು ಔಷಧ ಬರೆದರು. ಅದೇ ಆಲ್ಬೆಂಡಜೋಲ್. ಶಾಲೆಯ ಮಗುವಿಗೆ ಆರು ತಿಂಗಳಿಗೆ ಒಂದು. ಕಾಕಾ ಅವರಿಗೆ ದಿನಕ್ಕೆ ಎರಡರಂತೆ 28 ದಿನಕ್ಕೆ 56. ಹೊಟ್ಟೆಯ ಹುಳುವಿಗೆ ಕೊಡುವಾಗ ಔಷಧ ಕರುಳಿನಲ್ಲೇ ಉಳಿದರೆ ಸಾಕು. ಇಲ್ಲಿ ಅದು ರಕ್ತಕ್ಕೆ ಸೇರಿ ಚೀಲವನ್ನು ಮುಟ್ಟಬೇಕು. ಅದಕ್ಕಾಗಿ ಜಿಡ್ಡಿನ ಊಟದ ಜೊತೆಗೆ ಕೊಡುತ್ತಾರೆ. ಬರಿಹೊಟ್ಟೆಗಿಂತ ಸುಮಾರು ಐದು ಪಟ್ಟು ಹೆಚ್ಚು ಒಳಸೇರುತ್ತದಂತೆ. ಹಾಗೆ ಒಳಸೇರಿದ ಔಷಧ ಹುಳುವನ್ನು ಮಾತ್ರ ಕಾಡಿ ಸುಮ್ಮನಾಗುವುದಿಲ್ಲ. ದೀರ್ಘಕಾಲ ನಡೆದರೆ ಪಿತ್ತಜನಕಾಂಗವನ್ನೂ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಬಿಳಿಯ ರಕ್ತಕಣಗಳನ್ನೂ ಬಾಧಿಸಬಹುದು. ಆದುದರಿಂದ 28 ದಿನಗಳ ಮೇಲೆ 14 ದಿನಗಳ ಬಿಡುವು, ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ ಎಂದು ವೈದ್ಯರು ಸ್ಪಷ್ಟವಾಗಿ ಬರೆದಿದ್ದರು. ಚೀಟಿಯ ಹಿಂಬದಿಯಲ್ಲಿ.

ಕಾಕಾ ಆ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ನಾನು ಮುಂಬದಿಯನ್ನು ಓದಿದೆ. ದಿನಕ್ಕೆ ಎರಡು, ಊಟದ ಜೊತೆ. “ನಡುವ ಬಿಡೂದೇನರ ಐತೇನು, ತಮ್ಮಾ?” ಎಂದು ಅವರು ಕೇಳಿದರು. ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ! ಕ್ಷಯರೋಗದ ಔಷಧವನ್ನು ನಡುವೆ ನಿಲ್ಲಿಸಬಾರದೆಂದು ಎಲ್ಲೋ ಓದಿದ್ದ ನಾನು ಹೇಳಿದೆ: “ಇಲ್ಲ ಕಾಕಾ, ಬಿಡಬಾರದು. ಒಂದು ದಿನಾನೂ ತಪ್ಪಿಸಬ್ಯಾಡ್ರಿ.”

ಅವರು ತಪ್ಪಿಸಲಿಲ್ಲ. ಕುರಿ ಮಾರಿದ ಹಣದಲ್ಲಿ ಡಬ್ಬಿಯ ಮೇಲೆ ಡಬ್ಬಿ ತರಿಸಿ ಎರಡೂವರೆ ತಿಂಗಳು ನಡೆಸಿದರು. ರಕ್ತಪರೀಕ್ಷೆಗೆಂದು ಯಾರೂ ಅವರನ್ನು ಕರೆದೊಯ್ಯಲಿಲ್ಲ, ಏಕೆಂದರೆ ಅದು ಬರೆದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ರುಮಾಲು ಬಿಚ್ಚಿದಾಗ ಕೂದಲು ಅದರ ಜೊತೆಗೇ ಬರುತ್ತಿದೆಯೆಂದು ಮೊದಲು ನೋಡಿದವಳು ಕಾಕಿ. ಆಮೇಲೆ ಬಾಯಿಹುಣ್ಣು, ಬಿಡದ ಜ್ವರ. ಆಸ್ಪತ್ರೆಗೆ ಕರೆದೊಯ್ದಾಗ ಬಿಳಿಯ ಕಣಗಳು ಅಪಾಯದ ಮಟ್ಟಕ್ಕೆ ಇಳಿದಿದ್ದವು. “ಇಷ್ಟು ದಿನ ಬಿಡದೆ ತೆಗೆದುಕೊಳ್ಳಲು ನಿಮಗೆ ಹೇಳಿದವರಾರು?” ಎಂದು ವೈದ್ಯರು ಗದರಿಸಿ ಕೇಳಿದರು. ಕಾಕಾ ಹೇಳಿದರು: “ತಿಳೀದ ನಾನ ತಗೊಂಡೇನ್ರಿ.”

ನಾನು ಮಂಚದ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಛಂದಸ್ಸಿನಲ್ಲಿ ಯತಿ ಎಂಬುದೊಂದಿದೆ. ಪದ್ಯದ ಪಾದದಲ್ಲಿ ಉಸಿರು ನಿಲ್ಲಬೇಕಾದ ಗೊತ್ತಾದ ಸ್ಥಾನ. ಕನ್ನಡ ಕವಿಗಳು ಪ್ರಾಸಕ್ಕೆ ಕೊಟ್ಟ ಮನ್ನಣೆಯನ್ನು ಯತಿಗೆ ಕೊಟ್ಟವರಲ್ಲ; ಯತಿಯನ್ನು ಮೀರಿ ಪದವನ್ನು ಹರಿಯಬಿಡುವುದು ನಮ್ಮಲ್ಲಿ ದೋಷವೆನಿಸಲಿಲ್ಲ. ಇದನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದೆ. ಆ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು ಚೀಟಿಯನ್ನು ತಿರುಗಿಸಿ ನೋಡಿದಾಗ ನನಗೆ ನೆನಪಾದುದು ಅದೇ. ಮಾತ್ರೆಗಳನ್ನು ನಾನು ಸರಿಯಾಗಿಯೇ ಎಣಿಸಿದ್ದೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಈ ಬಿಡುವನ್ನು ಕೈಬಿಟ್ಟು ಸತತವಾಗಿ ಔಷಧ ಕೊಡುವ ಪದ್ಧತಿಯೂ ಈಗ ವೈದ್ಯರಲ್ಲಿ ಇದೆ. ಆದರೆ ಆಗ ರಕ್ತಪರೀಕ್ಷೆಯ ಕಾವಲು ತಪ್ಪುವಂತಿಲ್ಲ. ನಾನು ತೆಗೆದುಹಾಕಿದ್ದು ಬಿಡುವನ್ನು ಮಾತ್ರವಲ್ಲ, ಕಾವಲನ್ನು ಕೂಡ. ಔಷಧ ನಿಲ್ಲಿಸಿದ ಕೆಲವು ವಾರಗಳಲ್ಲಿ ಕಣಗಳು ಮರಳಿದವು. ಕೂದಲೂ ನಿಧಾನವಾಗಿ ಬಂದಿತು. ಮುಂದೆ ಶಸ್ತ್ರಕ್ರಿಯೆಯಿಂದ ಚೀಲವನ್ನು ತೆಗೆದರು. ಅದು ಒಡೆಯದಂತೆ ತೆಗೆಯುವುದೇ ದೊಡ್ಡ ಕೆಲಸವಂತೆ. ಒಳಗೆ ಒಡೆದರೆ ಪ್ರಾಣಕ್ಕೇ ಸಂಚಕಾರ.

2021ರ ಬೇಸಿಗೆಯಲ್ಲಿ, ಕೊರೋನಾದ ಎರಡನೆಯ ಅಲೆಯ ಹೊತ್ತಿಗೆ, ಇದೇ ಜಾತಿಯ ಇನ್ನೊಂದು ಔಷಧ ಮನೆಮಾತಾಯಿತು. ಐವರ್‌ಮೆಕ್ಟಿನ್. ಅದರ ಹುಟ್ಟು ಸೊಗಸಾದುದು. ಜಪಾನಿನ ಸಾತೋಶಿ ಓಮುರಾ ಮಣ್ಣಿನಲ್ಲಿ ಕಂಡ ಒಂದು ಸೂಕ್ಷ್ಮಜೀವಿಯಿಂದ ಬಂದ ಔಷಧ ಅದು. 1981ರಲ್ಲಿ ಪಶುಗಳಿಗೆ ಬಳಕೆಗೆ ಬಂದು, 1987ರಿಂದ ಆಫ್ರಿಕದ ನದೀತೀರಗಳ ಜನರನ್ನು ಕುರುಡುತನದಿಂದ ಕಾಪಾಡಿತು. 2015ರಲ್ಲಿ ಓಮುರಾ ಅವರಿಗೂ ವಿಲಿಯಂ ಕ್ಯಾಂಪ್‌ಬೆಲ್ ಅವರಿಗೂ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ನಮ್ಮಲ್ಲಿ ಆನೆಕಾಲು ರೋಗದ ನಿವಾರಣೆಗೂ, ಕಜ್ಜಿಗೂ ಅದು ಉಪಯೋಗವಾಗುತ್ತದೆ. ಆದರೆ ಕೊರೋನಾ ಹುಳುವಿನ ರೋಗವಲ್ಲ. 2021ರ ಏಪ್ರಿಲ್‌ನ ಕೇಂದ್ರ ಸರ್ಕಾರದ ಸೂಚನೆಗಳಲ್ಲಿ ಇದ್ದ ಈ ಔಷಧ ಕೆಲವೇ ವಾರಗಳಲ್ಲಿ ಆರೋಗ್ಯ ಸೇವೆಗಳ ನಿರ್ದೇಶನಾಲಯದ ಸೂಚಿಯಿಂದ ಹೊರಬಿದ್ದಿತು. ಆಮೇಲೆ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ಕೊರೋನಾಕ್ಕೆ ಪ್ರಯೋಜನ ಕಾಣಲಿಲ್ಲ. ಅಮೆರಿಕದಲ್ಲಿ ಕುದುರೆಗಳಿಗೆಂದು ಮಾಡಿದ ಪೇಸ್ಟನ್ನು ತಿಂದು ಆಸ್ಪತ್ರೆ ಸೇರಿದವರಿದ್ದರು. ನೀವು ಕುದುರೆಯಲ್ಲ ಎಂದು ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ ಜನಕ್ಕೆ ತಿಳಿಸಿ ಹೇಳಬೇಕಾಯಿತು.

ಆ ದಿನಗಳಲ್ಲಿ ಕಾಕಾ ಅವರ ಮಗ ಕುರಿಯ ಔಷಧದ ಬಾಟಲಿಯನ್ನು ತಂದು ನನಗೆ ತೋರಿಸಿದ. “ಇದರ ಮ್ಯಾಲೂ ಅದ ಹೆಸರ ಐತಲ್ರಿ, ಸರ?” ಹೆಸರು ಅದೇ ಆಗಿತ್ತು. ಹೆಸರು ಒಂದೇ ಆದರೂ ಒಳಗಿನ ಗಾಢತೆ ಬೇರೆ, ಬೆರೆಸಿದ ದ್ರವ ಬೇರೆ ಎಂದು ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಕಾಕಾ ಮುಗಿಸಿಬಿಟ್ಟರು: “ಕುರೀನ ಎತ್ತಿ ನೋಡಿ ಹಾಕ್ತೀನಿ. ನಿನ್ನ ಎತ್ತಾಕ ಈಗ ನನಗ ಆಗೂದಿಲ್ಲ. ಬಾಟ್ಲಿ ಒಳಗಿಡು.”

ಕುರಿಯ ಬಾಟಲಿಗಳೆಲ್ಲ ಮನುಷ್ಯನ ಔಷಧದ ಹೆಸರಿನವೂ ಅಲ್ಲ. ಕ್ಲೋಸಾಂಟೆಲ್ ಎಂಬುದು ಕುರಿ ದನಗಳಿಗೆ ಮಾತ್ರ ಸಲ್ಲುವ ಔಷಧ. ಮನುಷ್ಯನ ಹೊಟ್ಟೆಗೆ ಹೋದರೆ ಅದು ಕಣ್ಣಿನ ನರಕ್ಕೆ ವಿಷ. 1993ರಲ್ಲಿ ಲಿಥುವೇನಿಯಾ ದೇಶಕ್ಕೆ ದಾನವಾಗಿ ಬಂದ ಔಷಧಗಳಲ್ಲಿ ವಿವರದ ಕಾಗದವಿಲ್ಲದ ಈ ಔಷಧವೂ ಇದ್ದಿತು. ಹೆಸರನ್ನು ಬೇರೆ ಔಷಧಗಳ ಹೆಸರಿನೊಡನೆ ಹೋಲಿಸಿ ನೋಡಿ, ಹೆಂಗಸರ ಕಾಯಿಲೆಯೊಂದಕ್ಕೆ ಆಗುತ್ತದೆಂದು ಊಹಿಸಿ ಅಲ್ಲಿಯ ವೈದ್ಯರು ಕೊಟ್ಟರು. ಹನ್ನೊಂದು ಮಂದಿ ಹೆಂಗಸರು ಕೆಲಕಾಲ ದೃಷ್ಟಿ ಕಳೆದುಕೊಂಡರು. ಓದು ಬಲ್ಲವರು ಮಾಡಿದ ಊಹೆ ಅದು. ಈ ಕಥೆ ತಿಳಿದ ಮೇಲೆ ನನ್ನ ತಪ್ಪು ನನಗೆ ಇನ್ನಷ್ಟು ಅರ್ಥವಾಯಿತು. ನಮ್ಮ ಮನೆಗಳಲ್ಲಿ ಕುರಿಯ ಔಷಧವನ್ನು ಉಳಿದಷ್ಟು ತಂಪುಪಾನೀಯದ ಬಾಟಲಿಗೆ ಸುರಿದಿಡುವ ರೂಢಿಯಿದೆ. ಅಲ್ಲಿ ಹೆಸರೂ ಇರುವುದಿಲ್ಲ.

ಚರಕನ ಮೂರನೆಯ ದಾರಿ, ಕಾರಣವನ್ನೇ ದೂರವಿಡುವುದು, ಬರಿಯ ಮಾತಲ್ಲ. ನಾರುಹುಣ್ಣಿನ ಹೆಸರನ್ನು ಹಿರಿಯ ಶ್ರೋತೃಗಳು ಬಲ್ಲಿರಿ. ಕಾಲಿನಿಂದ ಮೊಳಗಟ್ಟಲೆ ಹೊರಬರುತ್ತಿದ್ದ ಆ ಹುಳುವನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯಬೇಕಾಗಿತ್ತು. ಅದನ್ನು ಕೊಲ್ಲುವ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ, ಮೆಟ್ಟಿಲು ಬಾವಿಗಳಿಗೆ ಇಳಿಯುವುದನ್ನು ನಿಲ್ಲಿಸಿ, ಕರ್ನಾಟಕವೂ ಸೇರಿದಂತೆ ಆ ರೋಗವಿದ್ದ ರಾಜ್ಯಗಳಿಂದ ಅದನ್ನು ಓಡಿಸಿದರು. ದೇಶದ ಕೊನೆಯ ರೋಗಿ 1996ರಲ್ಲಿ ಜೋಧಪುರ ಜಿಲ್ಲೆಯಲ್ಲಿ ಕಂಡುಬಂದ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣೀಕರಿಸಿತು. ಕಾಕಾ ಅವರ ಚೀಲಕ್ಕೂ ಅಂಥದೇ ಉಪಾಯವುಂಟು. ಕೊಯ್ದ ಕುರಿಯ ರೋಗ ತಗುಲಿದ ಅಂಗಗಳನ್ನು ನಾಯಿಗೆ ಹಾಕದೆ ಹೂಳುವುದು, ನಾಯಿಗೆ ಪಶುವೈದ್ಯರಿಂದ ಹುಳುವಿನ ಔಷಧ ಕೊಡಿಸುವುದು, ಊಟಕ್ಕೆ ಮುಂಚೆ ಕೈ ತೊಳೆಯುವುದು. ಜಾತ್ರೆಯ ಮರುದಿನ ನಮ್ಮೂರಿನ ನಾಯಿಗಳನ್ನು ನೋಡಿದವರಿಗೆ ಇದು ಸುಲಭದ ಕೆಲಸವಲ್ಲವೆಂದು ತಿಳಿದೀತು. ಕಾಕಾ ಮಾತ್ರ ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಹಟ್ಟಿಯಲ್ಲಿ ಕುರಿ ಕೊಯ್ದಾಗಲೆಲ್ಲ ಗುದ್ದಲಿ ತರಿಸಿ ತಾವೇ ನಿಂತು ಹೂಳಿಸುತ್ತಿದ್ದರು.

ನನ್ನ ತಪ್ಪನ್ನು ಅವರೆದುರು ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಚೀಟಿಯ ಹಿಂಬದಿಯನ್ನು ತೋರಿಸಿ ಓದಿ ಹೇಳಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು, ಏನೂ ಅನ್ನಲಿಲ್ಲ, ಚಹಾ ತರಿಸಿದರು. ವಯಸ್ಸಾಗಿ ತೀರಿಕೊಳ್ಳುವವರೆಗ���ಯೂ ತಮ್ಮ ಕಾಗದಪತ್ರಗಳನ್ನು ನನ್ನಿಂದಲೇ ಓದಿಸಿದರು. ಕರೆಂಟಿನ ಬಿಲ್ಲಾಗಲಿ, ಹೊಲದ ಉತಾರವಾಗಲಿ, ಲಗ್ನಪತ್ರಿಕೆಯೇ ಆಗಲಿ, ನಾನು ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆಯನ್ನು ಕೇಳದೆ ಬಿಡುತ್ತಿರಲಿಲ್ಲ.

“ಹಿಂದಿನ ಮಗ್ಗಲ ನೋಡಿದ್ಯಾ, ತಮ್ಮಾ?”